ಮುಷ್ಕರ ಯಾರದು, ಪಾಡು ಯಾರದು?

ರಕ್ತದೊತ್ತಡ ತೋರಿಸಿಕೊಳ್ಳಲು ತಿಂಗಳಿಗೊಮ್ಮೆ ನನ್ನ ಚಿಕಿತ್ಸಾಲಯಕ್ಕೆ ಬರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಮೊನ್ನೆ ಅವರ ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಕೇಳಿದರು: “ಡಾಕ್ಟರೇ, ನೀವೂ ಮುಷ್ಕರ ಮಾಡುತ್ತೀರಿ, ನಮ್ಮ ಬೀದಿಯ ಆಶಾ ಕಾರ್ಯಕರ್ತೆಯೂ ಮಾಡುತ್ತಾರೆ. ನಿಮ್ಮದು ಐದು ದಿನಕ್ಕೆ ಮುಗಿದು ಕಾನೂನೇ ಬದಲಾಗುತ್ತದೆ. ಅವರದು ಐದು ವರ್ಷವಾದರೂ ಮುಗಿಯುವುದಿಲ್ಲ. ಇದೇಕೆ ಹೀಗೆ?”

ಒತ್ತಡ ಅಳೆಯುವಾಗ ಮಾತನಾಡಬಾರದು ಎಂದು ಹೇಳಿ ಆ ಕ್ಷಣಕ್ಕೆ ತಪ್ಪಿಸಿಕೊಂಡೆ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು. ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಕೆಮ್ಮು, ಮಕ್ಕಳ ಲಸಿಕೆ ಇಂಥವುಗಳ ಬಗ್ಗೆ ಮಾತನಾಡುತ್ತೇವೆ. ಆಸ್ಪತ್ರೆಯ ಬಿಲ್ಲು ಎಷ್ಟಾಗಬೇಕು, ತುರ್ತು ಸಮಯದಲ್ಲಿ ಯಾರು ಬಾಗಿಲು ತೆರೆಯಬೇಕು, ಬಾಣಂತಿಯ ಮನೆಗೆ ಯಾರು ಬರಬೇಕು ಎಂಬುದನ್ನು ನಿರ್ಧರಿಸುವ ನೀತಿಯೂ ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ್ದೇ. ಆ ನೀತಿಯನ್ನು ಯಾರು, ಹೇಗೆ ಬಗ್ಗಿಸುತ್ತಾರೆ ಎಂಬುದನ್ನು ಈ ವಾರ ತಿಳಿದುಕೊಳ್ಳೋಣ.

ಸಂಘ ಬೇರೆ, ಪರಿಷತ್ತು ಬೇರೆ

ಬಹಳ ಜನ ವೈದ್ಯಕೀಯ ಸಂಘ ಮತ್ತು ವೈದ್ಯಕೀಯ ಪರಿಷತ್ತು ಎರಡೂ ಒಂದೇ ಎಂದುಕೊಂಡಿದ್ದಾರೆ. ಕರ್ನಾಟಕ ವೈದ್ಯಕೀಯ ಪರಿಷತ್ತು ಕಾನೂನಿನ ಪ್ರಕಾರ ರಚನೆಯಾದ ಸಂಸ್ಥೆ. ಅಲ್ಲಿ ಹೆಸರು ನೋಂದಾಯಿಸದೆ ಯಾವ ಎಂ.ಬಿ.ಬಿ.ಎಸ್. ಪದವೀಧರನೂ ವೃತ್ತಿ ನಡೆಸುವಂತಿಲ್ಲ. ತಪ್ಪು ಮಾಡಿದ ವೈದ್ಯನ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರವೂ ಅದಕ್ಕಿದೆ. ರಾಷ್ಟ್ರಮಟ್ಟದಲ್ಲಿ ಹಿಂದೆ ಇದ್ದ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ 2020ರ ಸೆಪ್ಟೆಂಬರ್‌ನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ.

ಭಾರತೀಯ ವೈದ್ಯಕೀಯ ಸಂಘ, ಅಂದರೆ ಐ.ಎಂ.ಎ., ಹಾಗಲ್ಲ. ಇದು 1928ರಲ್ಲಿ ಆರಂಭವಾದ, ವೈದ್ಯರು ತಾವಾಗಿಯೇ ಚಂದಾ ಕೊಟ್ಟು ಸೇರುವ ಕೂಟ. ಊರೂರಲ್ಲಿ ಶಾಖೆಗಳಿವೆ. ಹೊಸ ಚಿಕಿತ್ಸೆಗಳ ಬಗ್ಗೆ ಉಪನ್ಯಾಸ ಏರ್ಪಡಿಸುತ್ತದೆ, ರಕ್ತದಾನ ಶಿಬಿರ ನಡೆಸುತ್ತದೆ. ಜೊತೆಗೆ ವೈದ್ಯರ ಹಿತ ಕಾಯುತ್ತದೆ. ಒಕ್ಕಲಿಗೆ ರೈತಸಂಘವಿದ್ದ ಹಾಗೆ, ಬಸ್ ನೌಕರರಿಗೆ ಅವರ ಯೂನಿಯನ್ ಇದ್ದ ಹಾಗೆ ನಮಗೆ ಈ ಸಂಘ. ನಾನೂ ಅದರ ಸದಸ್ಯ. ಪರಿಷತ್ತು ಇರುವುದು ನಿಮ್ಮ ರಕ್ಷಣೆಗೆ, ಸಂಘ ಇರುವುದು ನಮ್ಮ ರಕ್ಷಣೆಗೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸಂಘ ಆಡುವ ಪ್ರತಿಯೊಂದು ಮಾತನ್ನೂ ರೋಗಿಯ ಪರವಾದ ಮಾತೆಂದು ಭಾವಿಸಿದಾಗ ಮಾತ್ರ ಗೊಂದಲ ಹುಟ್ಟುತ್ತದೆ.

ಗ್ರಾಹಕ ನ್ಯಾಯಾಲಯದ ಪಾಠ

ಒಂದು ಹಳೆಯ ಉದಾಹರಣೆ. ಗ್ರಾಹಕ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು. ಹಣ ಪಡೆದು ಚಿಕಿತ್ಸೆ ಕೊಟ್ಟ ವೈದ್ಯ ನಿರ್ಲಕ್ಷ್ಯ ತೋರಿದರೆ ರೋಗಿ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಎದ್ದಿತು. ನಮ್ಮ ಸಂಘ ಕೂಡದು ಎಂದು ವಾದಿಸಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವೈದ್ಯ ವೃತ್ತಿ ವ್ಯಾಪಾರವಲ್ಲ, ನಮ್ಮನ್ನು ವಿಚಾರಿಸಲು ಪರಿಷತ್ತು ಇದೆ ಎಂಬುದು ವೈದ್ಯರ ಕಡೆಯ ವಾದ. 1995ರ ನವೆಂಬರ್ 13ರಂದು ತೀರ್ಪು ಬಂತು. ಹಣ ಪಡೆದು ಕೊಡುವ ಚಿಕಿತ್ಸೆ ಈ ಕಾಯ್ದೆಯಡಿ ‘ಸೇವೆ’ಯೇ ಎಂದು ನ್ಯಾಯಾಲಯ ಹೇಳಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳನ್ನು ಮಾತ್ರ ಹೊರಗಿಟ್ಟಿತು. 2019ರ ಹೊಸ ಗ್ರಾಹಕ ಕಾಯ್ದೆ ಬಂದ ಮೇಲೂ ಈ ನಿಲುವು ಬದಲಾಗಿಲ್ಲ.

ಆಗ ನಾನಿನ್ನೂ ಶಾಲಾ ಹುಡುಗ. ಮುಂದೆ ವೈದ್ಯನಾದಾಗ ಆ ತೀರ್ಪಿನ ಫಲವನ್ನು ನಾನೇ ಅನುಭವಿಸಿದೆ. ರೋಗಿಯ ವಿವರ ಬರೆದಿಡುವುದು, ಶಸ್ತ್ರಚಿಕಿತ್ಸೆಗೆ ಮೊದಲು ಅಪಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯುವುದು ನಮ್ಮ ಅಭ್ಯಾಸವಾದದ್ದರಲ್ಲಿ ಆ ತೀರ್ಪಿನ ಪಾತ್ರ ದೊಡ್ಡದು. ಮೊಕದ್ದಮೆಯ ಭಯಕ್ಕೆ ಬೇಡದ ಪರೀಕ್ಷೆಗಳನ್ನು ಬರೆಯುವ ಚಾಳಿಯೂ ಬೆಳೆಯಿತೆಂದು ಒಪ್ಪಿಕೊಳ್ಳಬೇಕು. ಒಟ್ಟಿನಲ್ಲಿ ಸಂಘ ವಿರೋಧಿಸಿದ್ದೆಲ್ಲ ರೋಗಿಗೆ ಕೆಟ್ಟದ್ದಲ್ಲ, ಸಂಘ ಹೇಳಿದ್ದೆಲ್ಲ ಸುಳ್ಳೂ ಅಲ್ಲ.

2017ರ ಆ ಐದು ದಿನ

ಇನ್ನು ನಮ್ಮ ರಾಜ್ಯದ ಪ್ರಕರಣಕ್ಕೆ ಬರೋಣ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. ಇದಕ್ಕೆ ತಿದ್ದುಪಡಿ ತರುವ ಮಸೂದೆಯನ್ನು 2017ರ ಜೂನ್‌ನಲ್ಲಿ, ರಮೇಶ್ ಕುಮಾರ್ ಅವರು ಆರೋಗ್ಯ ಸಚಿವರಾಗಿದ್ದಾಗ, ಮಂಡಿಸಲಾಯಿತು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿ ಮಾಡುವುದು, ಜಿಲ್ಲೆಗೊಂದು ದೂರು ಸಮಿತಿ, ನಿಯಮ ಮೀರಿದವರಿಗೆ ದಂಡದ ಜೊತೆಗೆ ಜೈಲು, ತುರ್ತು ಚಿಕಿತ್ಸೆಗೆ ಮುಂಗಡ ಹಣ ಕೇಳಬಾರದು ಎಂಬ ನಿಯಮ – ಇವು ಅದರ ಮುಖ್ಯ ಅಂಶಗಳು.

ವೈದ್ಯರು ಕೆರಳಿದರು. ಒಂದೇ ದೂರಿಗೆ ಪರಿಷತ್ತು, ಗ್ರಾಹಕ ನ್ಯಾಯಾಲಯ, ಪೊಲೀಸ್ ಠಾಣೆ ಇವುಗಳ ಮೇಲೆ ಮತ್ತೊಂದು ಸಮಿತಿ ಏಕೆ? ಹತ್ತು ಹಾಸಿಗೆಯ ನರ್ಸಿಂಗ್ ಹೋಂಗೂ ನೂರಾರು ಹಾಸಿಗೆಯ ದೊಡ್ಡ ಆಸ್ಪತ್ರೆಗೂ ಒಂದೇ ತಕ್ಕಡಿಯೇ? ಸರ್ಕಾರಿ ಆಸ್ಪತ್ರೆಗಳನ್ನು ಏಕೆ ಹೊರಗಿಟ್ಟಿರಿ? ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿಯ ಶಿಫಾರಸುಗಳನ್ನು ಏಕೆ ಪಕ್ಕಕ್ಕೆ ಸರಿಸಿದಿರಿ? ಈ ಪ್ರಶ್ನೆಗಳಲ್ಲಿ ಹುರುಳಿತ್ತು. ಇಂದಿಗೂ ಇದೆ ಎಂದು ನಾನು ನಂಬುತ್ತೇನೆ. ಆದರೆ ನಾನು ಹೋದ ಸಭೆಗಳಲ್ಲಿ, ಬಿಲ್ಲು ಕಟ್ಟಲು ತಾಳಿ ಅಡವಿಟ್ಟ ಮನೆಗಳಿಗೆ ನಮ್ಮ ಬಳಿ ಬೇರೆ ಪರಿಹಾರವೇನು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನವೆಂಬರ್ 13ರಂದು ಬೆಳಗಾವಿಯಲ್ಲಿ ವಿಧಾನಮಂಡಲದ ಅಧಿವೇಶನ ಆರಂಭವಾದ ದಿನವೇ ಸಾವಿರಾರು ವೈದ್ಯರು ಅಲ್ಲಿಗೆ ಹೋದರು. ರಾಜ್ಯದ ಅನೇಕ ಕಡೆ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಚಿಕಿತ್ಸೆ ಸಿಗದೆ ಸಾವು ಸಂಭವಿಸಿತು ಎಂಬ ಸುದ್ದಿಗಳು ಬಂದವು, ವೈದ್ಯರು ಅದನ್ನು ಅಲ್ಲಗಳೆದರು. ವಿಷಯ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. 17ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಜೊತೆ ಮಾತುಕತೆಯಾಗಿ ಮುಷ್ಕರ ನಿಂತಿತು.

ಅದೇ ತಿಂಗಳು ಮಸೂದೆ ಬದಲಾದ ರೂಪದಲ್ಲಿ ಅಂಗೀಕಾರವಾಯಿತು. ವಿವಾದಕ್ಕೆ ಕಾರಣವಾಗಿದ್ದ ಜೈಲು ಶಿಕ್ಷೆಯ ಅಂಶ ಸಡಿಲವಾಯಿತು. ಏಕರೂಪದ ದರ ಸರ್ಕಾರದ ಆರೋಗ್ಯ ಯೋಜನೆಗಳಡಿ ನೀಡುವ ಚಿಕಿತ್ಸೆಗೆ ಸೀಮಿತವಾಯಿತು. ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಒತ್ತಾಯಿಸಬಾರದು, ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯಬಾರದು ಎಂಬ ನಿಯಮಗಳು ಉಳಿದವು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೂ ಉಳಿಯಿತು. ಐದು ದಿನದಲ್ಲಿ ಒಂದು ಸಂಘ ಇಷ್ಟನ್ನು ಸಾಧಿಸಿತು.

ನನ್ನ ಬೀಗ ಹಾಕಿದ ಬಾಗಿಲು

ಆ ದಿನಗಳಲ್ಲಿ ನಾನೂ ನನ್ನ ಚಿಕಿತ್ಸಾಲಯದ ಶಟರ್ ಎಳೆದಿದ್ದೆ. ತುರ್ತು ಇದ್ದರೆ ಮನೆಗೆ ಬನ್ನಿ ಎಂದು ಒಂದು ಚೀಟಿ ಅಂಟಿಸಿದ್ದೆ. ಮುಷ್ಕರ ಮುಗಿದ ಮಾರನೆಯ ದಿನ, ವರ್ಷಗಳಿಂದ ನನ್ನಲ್ಲಿ ತೋರಿಸಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು ತಲೆಸುತ್ತು ಎಂದು ಬಂದರು. ರಕ್ತದೊತ್ತಡ 210ಕ್ಕೆ 110 ಇತ್ತು. ವಿಚಾರಿಸಿದರೆ, ಮಾತ್ರೆ ಮುಗಿದು ಆರು ದಿನವಾಗಿತ್ತು. “ಎರಡು ಸಲ ಬಂದೆ ಡಾಕ್ಟ್ರೇ, ಬೀಗ ಹಾಕಿತ್ತು. ನಿಮಗೇ ಮೈಗೆ ಹುಷಾರಿಲ್ಲವೇನೋ ಅಂತ ಸುಮ್ಮನೆ ವಾಪಸ್ ಹೋದೆ” ಎಂದರು. ಅವರಿಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಚೀಟಿ ಅಂಟಿಸುವಾಗ ಅದು ನೆನಪಾಗಿರಲಿಲ್ಲ.

ಅನಾಹುತವೇನೂ ಆಗಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿ ಎರಡು ವಾರದಲ್ಲಿ ಒತ್ತಡ ಇಳಿಯಿತು. ಪಾರ್ಶ್ವವಾಯು ಆಗಿದ್ದರೆ ಅದನ್ನು ಯಾರೂ ಮುಷ್ಕರದ ಲೆಕ್ಕಕ್ಕೆ ಬರೆಯುತ್ತಿರಲಿಲ್ಲ. ವಯಸ್ಸಾಗಿತ್ತು ಎನ್ನುತ್ತಿದ್ದರು.

ಇಲ್ಲಿ ಒಂದು ಅಧ್ಯಯನದ ಮಾತು ಹೇಳಬೇಕು. 1976ರಿಂದ 2003ರ ನಡುವೆ ಬೇರೆಬೇರೆ ದೇಶಗಳಲ್ಲಿ ನಡೆದ ಐದು ವೈದ್ಯರ ಮುಷ್ಕರಗಳ ಬಗೆಗಿನ ವರದಿಗಳನ್ನು ಪರಿಶೀಲಿಸಿದ ಲೇಖನವೊಂದು 2008ರಲ್ಲಿ ಪ್ರಕಟವಾಯಿತು. ಆ ಮುಷ್ಕರಗಳ ಕಾಲದಲ್ಲಿ ಸಾವಿನ ಪ್ರಮಾಣ ಏರಿರಲಿಲ್ಲ, ಕೆಲವೆಡೆ ಇಳಿದಿತ್ತು. ಇದನ್ನು ಹಿಡಿದು ವೈದ್ಯರೇ ಬೇಡ ಎಂದು ನಗೆಯಾಡುವವರಿದ್ದಾರೆ. ಕಾರಣ ಬೇರೆ. ಅಲ್ಲಿ ತುರ್ತು ವಿಭಾಗಗಳು ತೆರೆದಿದ್ದವು, ಮುಂದಕ್ಕೆ ಹಾಕಬಹುದಾದ ಶಸ್ತ್ರಚಿಕಿತ್ಸೆಗಳು ನಿಂತಿದ್ದವು, ಅವುಗಳಿಂದಾಗುವ ಅಪಾಯಗಳೂ ಆ ದಿನಗಳ ಮಟ್ಟಿಗೆ ಕಡಿಮೆಯಾದವು. ಆ ಲೆಕ್ಕ ಎಣಿಸಿದ್ದು ಸಾವುಗಳನ್ನು ಮಾತ್ರ. ನಮ್ಮ ಅಜ್ಜಿಯಂಥವರ ಕಷ್ಟ ಅದರಲ್ಲಿ ಬರುವುದಿಲ್ಲ.

ಸಂಘದ ಬಲ ಎಲ್ಲರಿಗೂ ಒದಗಿದಾಗ

ಸಂಘದ ಬಲ ಒಳ್ಳೆಯದಕ್ಕೂ ಒದಗುತ್ತದೆ. ಕೋವಿಡ್ ಆರಂಭದ ದಿನಗಳಲ್ಲಿ ದೇಶದ ಹಲವೆಡೆ ವೈದ್ಯರ, ಸಮೀಕ್ಷೆಗೆ ಹೋದ ಕಾರ್ಯಕರ್ತೆಯರ ಮೇಲೆ ಹಲ್ಲೆಗಳಾದವು. ಬೆಂಗಳೂರಿನಲ್ಲೂ ಆಯಿತು. 2020ರ ಏಪ್ರಿಲ್ 22ರ ರಾತ್ರಿ ವೈದ್ಯರೆಲ್ಲ ಮೇಣದಬತ್ತಿ ಹಚ್ಚಬೇಕು, ಮಾರನೆಯ ದಿನ ಕರಾಳ ದಿನ ಆಚರಿಸಬೇಕು ಎಂದು ಐ.ಎಂ.ಎ. ಕರೆ ಕೊಟ್ಟಿತು. 22ರಂದೇ ಕೇಂದ್ರ ಗೃಹ ಸಚಿವರು ಸಂಘದವರೊಂದಿಗೆ ಮಾತನಾಡಿದರು, ಕರೆ ಹಿಂತೆಗೆದುಕೊಳ್ಳಲಾಯಿತು. ಅದೇ ದಿನ ಕೇಂದ್ರ ಸಂಪುಟ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತರುವ ಸುಗ್ರೀವಾಜ್ಞೆಗೆ ಒಪ್ಪಿಗೆ ನೀಡಿತು. ಹಲ್ಲೆಕೋರರಿಗೆ ಜಾಮೀನು ಸಿಗದಂತಾಯಿತು, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಸಜೆ ಎಂದಾಯಿತು. ರಕ್ಷಣೆ ವೈದ್ಯರಿಗಷ್ಟೇ ಅಲ್ಲದೆ ದಾದಿಯರಿಗೂ, ಸಮುದಾಯ ಆರೋಗ್ಯ ಕಾರ್ಯಕರ್ತೆಯರಿಗೂ ಸಿಕ್ಕಿತು.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಕರ್ತವ್ಯದಲ್ಲಿದ್ದ ತರಬೇತಿನಿರತ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದಾಗಲೂ ಸಂಘ ಸುಮ್ಮನಿರಲಿಲ್ಲ. ಆಗಸ್ಟ್ 17ರ ಬೆಳಿಗ್ಗೆ ಆರರಿಂದ 24 ಗಂಟೆ ದೇಶಾದ್ಯಂತ ಸೇವೆ ನಿಲ್ಲಿಸುವ ಕರೆ ಕೊಟ್ಟಿತು, ಆದರೆ ತುರ್ತು ಚಿಕಿತ್ಸೆಯನ್ನು ಅದರಿಂದ ಹೊರಗಿಟ್ಟಿತು. ಮೂರು ದಿನದ ನಂತರ ಸುಪ್ರೀಂ ಕೋರ್ಟ್ ಆಸ್ಪತ್ರೆಗಳ ಸುರಕ್ಷತೆಗಾಗಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ರಾತ್ರಿ ಪಾಳಿಯ ವೈದ್ಯೆ ಸುರಕ್ಷಿತವಾಗಿದ್ದರೆ ರಾತ್ರಿ ಬರುವ ರೋಗಿಯೂ ಸುರಕ್ಷಿತ. ಇಂಥ ಬೇಡಿಕೆಯಲ್ಲಿ ನಮ್ಮ ಹಿತ ಮತ್ತು ನಿಮ್ಮ ಹಿತ ಒಂದೇ.

ಆಶಾ ಕಾರ್ಯಕರ್ತೆಯ ಸರದಿ

ಈಗ ಮೇಷ್ಟ್ರ ಪ್ರಶ್ನೆಯ ಇನ್ನೊಂದು ಭಾಗ. ಆಶಾ ಕಾರ್ಯಕರ್ತೆಯರು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೊಡುಗೆ. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರು. ದೇಶದಲ್ಲಿ ಹತ್ತು ಲಕ್ಷದಷ್ಟು, ನಮ್ಮ ರಾಜ್ಯದಲ್ಲಿ ಸುಮಾರು 42,000 ಮಂದಿ ಇದ್ದಾರೆ. ಗರ್ಭಿಣಿಯರ ಹೆಸರು ಬರೆಸುವುದು, ಹೆರಿಗೆಗೆ ಆಸ್ಪತ್ರೆಗೆ ಕರೆತರುವುದು, ಲಸಿಕೆಗೆ ಮಕ್ಕಳನ್ನು ಕೂಡಿಸುವುದು, ಕ್ಷಯರೋಗಿ ಮಾತ್ರೆ ನುಂಗುತ್ತಿದ್ದಾನೆಯೇ ಎಂದು ನೋಡುವುದು ಇವರ ಕೆಲಸ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿತು.

ಆದರೆ ಸರ್ಕಾರದ ಕಡತದಲ್ಲಿ ಇವರು ನೌಕರರಲ್ಲ, ‘ಸ್ವಯಂಸೇವಕಿಯರು’. ಸಂಬಳದ ಬದಲು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ, ಜೊತೆಗೆ ರಾಜ್ಯದ ಗೌರವಧನ. ಒಂದು ಉದಾಹರಣೆ ನೋಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಿ ತೂಕ, ಜ್ವರ, ಹಾಲು ಕುಡಿಯುವ ರೀತಿ ನೋಡಬೇಕು. ಆರೂ ಭೇಟಿ ಸೇರಿ ಕೇಂದ್ರ ನಿಗದಿ ಮಾಡಿದ ಪ್ರೋತ್ಸಾಹಧನ 250 ರೂಪಾಯಿ. ದಾಖಲೆ ಸರಿಯಾಗಿ ಏರದಿದ್ದರೆ ಅದೂ ತಡವಾಗುತ್ತದೆ.

2020ರ ಜನವರಿಯಲ್ಲಿ ಇವರು ಬೆಂಗಳೂರಿನಲ್ಲಿ ದೊಡ್ಡ ಮೆರವಣಿಗೆ ನಡೆಸಿದರು. ಅದೇ ವರ್ಷ ಜುಲೈನಲ್ಲಿ, ಕೋವಿಡ್ ನಡುವೆಯೇ, ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ಸೋಂಕಿನಿಂದ ರಕ್ಷಣೆಯ ಸಾಮಗ್ರಿ ಬೇಕೆಂದು ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕುಳಿತರು. ಆಗ ಏಪ್ರಿಲ್‌ನಿಂದ ತಿಂಗಳಿಗೆ 10,000 ರೂಪಾಯಿ ಖಚಿತ ಎಂಬ ಭರವಸೆ ದೊರೆಯಿತು. ಆಗಸ್ಟ್‌ನಲ್ಲಿ, ಭರವಸೆ ಈಡೇರಿಲ್ಲವೆಂದು ಮತ್ತೆ ಬೀದಿಗಿಳಿದರು. ಮೊದಲು ಕೇಳಿದ್ದು 12,000, ಐದು ವರ್ಷದ ನಂತರ ಸಿಕ್ಕ ಮಾತು 10,000.

ಈ ವ್ಯತ್ಯಾಸಕ್ಕೆ ಕಾರಣಗಳು ಸರಳ. ಮೊದಲನೆಯದು, ನಾವು ಬಾಗಿಲು ಮುಚ್ಚಿದರೆ ಒಂದೇ ಗಂಟೆಯಲ್ಲಿ ಊರಿಗೆ ಗೊತ್ತಾಗುತ್ತದೆ. ಆಶಾ ಕಾರ್ಯಕರ್ತೆ ನಿಂತರೆ ತಪ್ಪಿದ ಲಸಿಕೆ, ಪತ್ತೆಯಾಗದ ರಕ್ತಹೀನತೆ, ನಡುವೆ ಬಿಟ್ಟ ಕ್ಷಯದ ಮಾತ್ರೆ ಬೆಳಕಿಗೆ ಬರುವುದು ತಿಂಗಳುಗಳ ಮೇಲೆ, ಅದೂ ಬಡವರ ಮನೆಯಲ್ಲಿ. ಎರಡನೆಯದು, ನೌಕರಳೇ ಅಲ್ಲ ಎಂದ ಮೇಲೆ ನೌಕರರ ಹಕ್ಕು ಕೇಳುವುದೇ ಕಷ್ಟ. ಮೂರನೆಯದು, ಆರೋಗ್ಯ ನೀತಿಯ ಸಮಿತಿಗಳಲ್ಲಿ ವೈದ್ಯರಿಗೆ ಕುರ್ಚಿ ಇರುತ್ತದೆ. ಆಕೆಯ ಅಹವಾಲು ಮನವಿ ಪತ್ರವಾಗಿ ಬರುತ್ತದೆ. ರೋಗಿಗಂತೂ ಎಷ್ಟೋ ಬಾರಿ ಎರಡೂ ಇಲ್ಲ.

ಮುಷ್ಕರವನ್ನು ತೂಗುವುದು ಹೇಗೆ?

ಪತ್ರಿಕೆಯಲ್ಲಿ ಮುಷ್ಕರದ ಸುದ್ದಿ ಓದಿದಾಗ ಸಿಟ್ಟಾಗುವ ಮೊದಲು, ಅಥವಾ ಬೆಂಬಲಿಸುವ ಮೊದಲು, ಮೂರು ಪ್ರಶ್ನೆ ಕೇಳಿಕೊಳ್ಳಿ. ಬೇಡಿಕೆ ಏನು – ಸುರಕ್ಷತೆ ಮತ್ತು ನ್ಯಾಯವಾದ ಕೂಲಿಯೇ, ಅಥವಾ ಪ್ರಶ್ನಿಸುವವರಿಂದ ವಿನಾಯಿತಿಯೇ? ತುರ್ತು ಚಿಕಿತ್ಸೆ, ಹೆರಿಗೆ, ಡಯಾಲಿಸಿಸ್ ತೆರೆದಿವೆಯೇ? ಬೇಡಿಕೆ ಈಡೇರಿದರೆ ಅದರ ಫಲ ರೋಗಿಯವರೆಗೂ ಬರುತ್ತದೆಯೇ? ಈ ಪ್ರಶ್ನೆಗಳನ್ನು ನಿಮ್ಮ ವೈದ್ಯರಿಗೂ ಧಾರಾಳವಾಗಿ ಕೇಳಿ. ಕೇಳಿದರೆ ನಮಗೆ ಬೇಸರವಾಗಬಾರದು.

ಮುಷ್ಕರದ ದಿನಗಳಲ್ಲಿ ಮನೆಯವರು ಗಮನಿಸಬೇಕಾದದ್ದು

1. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಹೃದಯದ ಕಾಯಿಲೆ ಇರುವವರು ಒಂದು ವಾರದ ಮಾತ್ರೆ ಸದಾ ಹೆಚ್ಚಿಗೆ ಇಟ್ಟುಕೊಳ್ಳಿ. ಈ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ವೈದ್ಯರ ಚೀಟಿಯನ್ನು ಜೋಪಾನ ಮಾಡಿ.

2. ಹೊರರೋಗಿ ವಿಭಾಗ ಮುಚ್ಚಿದೆ ಎಂದರೆ ತುರ್ತು ವಿಭಾಗವೂ ಮುಚ್ಚಿದೆ ಎಂದಲ್ಲ. ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು ಅಥವಾ ಕೈಕಾಲು ಸೋಲುವುದು, ಹಾವು ಕಡಿತ, ಗರ್ಭಿಣಿಗೆ ರಕ್ತಸ್ರಾವ, ಮಗುವಿಗೆ ಫಿಟ್ಸ್ – ಇವುಗಳಿಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

3. ಖಾಸಗಿಯವರ ಮುಷ್ಕರವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸರ್ಕಾರಿ ವೈದ್ಯರ ಮುಷ್ಕರವಾದರೆ ಹತ್ತಿರದ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

4. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ನಿಗದಿಯಾದ ಶಸ್ತ್ರಚಿಕಿತ್ಸೆ ಇದ್ದರೆ ಮುಂಚೆಯೇ ಫೋನ್ ಮಾಡಿ ವಿಚಾರಿಸಿ.

5. ಆಶಾ ಕಾರ್ಯಕರ್ತೆಯರ ಮುಷ್ಕರವಿದ್ದಾಗ ತಾಯಿ ಕಾರ್ಡಿನಲ್ಲಿರುವ ಲಸಿಕೆಯ ದಿನಾಂಕವನ್ನು ನೀವೇ ನೋಡಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಂದು ಲಸಿಕೆ ತಡವಾದರೆ ಸಾಮಾನ್ಯವಾಗಿ ಮೊದಲಿನಿಂದ ಶುರು ಮಾಡಬೇಕಿಲ್ಲ. ಉಳಿದದ್ದನ್ನು ಆದಷ್ಟು ಬೇಗ ಹಾಕಿಸಿದರೆ ಸಾಕು.

6. ಖಾಸಗಿ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ನಿರಾಕರಿಸಿದರೆ ಕೂಗಾಡಬೇಡಿ, ಕೈಮಾಡಬೇಡಿ. 2009ರ ರಾಜ್ಯ ಕಾಯ್ದೆಯಡಿ ಆಸ್ಪತ್ರೆಯಲ್ಲಿ ಹಲ್ಲೆ ಮಾಡುವುದು ಶಿಕ್ಷಾರ್ಹ. ದಿನಾಂಕ, ವೇಳೆ, ನಡೆದದ್ದನ್ನು ಬರೆದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ.

ಕೊನೆಯದಾಗಿ ಒಂದು ಮಾತು. ರೋಗಿಗಳಿಗೆ ಸಂಘವಿಲ್ಲ ಎಂದೆನಲ್ಲವೇ? ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ರಕ್ಷಾ ಸಮಿತಿ, ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬವು ಇವೆ. ಊರಿನವರು ಕುಳಿತು ಮಾತನಾಡಲೆಂದೇ ಮಾಡಿದ ಜಾಗಗಳಿವು. ಎಷ್ಟೋ ಕಡೆ ಸಭೆ ನಡೆಯುವುದು ಊರಿನವರಿಗೇ ತಿಳಿದಿರುವುದಿಲ್ಲ. ಮೇಷ್ಟ್ರು ಮುಂದಿನ ತಿಂಗಳು ಬಂದಾಗ, ನಿಮ್ಮ ಪ್ರಶ್ನೆಯನ್ನು ನನ್ನೊಬ್ಬನಿಗೇ ಕೇಳಿ ಸುಮ್ಮನಾಗಬೇಡಿ, ಆ ಸಭೆಗೆ ಹೋಗಿ ಅಲ್ಲಿಯೂ ಕೇಳಿ ಎಂದು ಹೇಳಬೇಕೆಂದಿದ್ದೇನೆ. ಒತ್ತಡ ಅಳೆದು ಮುಗಿದ ಮೇಲೆ.